ಭಾರತದ ಬಂಡವಾಳ ಮಾರುಕಟ್ಟೆಗೆ ವಿದೇಶಿ ಸಾಂಸ್ಥಿಕ ಹೂಡಿಕೆದಾರರ ಪ್ರವೇಶ

ವಿದೇಶಿ ಸಾಂಸ್ಥಿಕ ಹೂಡಿಕೆದಾರರು ಎಂದರೆ ಒಂದು ದೇಶದಲ್ಲಿ ಸ್ಥಾಪನೆಗೊಂಡು, ಮತ್ತೊಂದು ದೇಶದ ಷೇರು ಹಾಗೂ ಸಾಲಪತ್ರಗಳಲ್ಲಿ ಹಣ ತೊಡಗಿಸುವ ಸಂಸ್ಥೆಗಳು. ಪಿಂಚಣಿ ನಿಧಿಗಳು, ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು, ಬ್ಯಾಂಕುಗಳು ಮತ್ತು ಸರ್ಕಾರಗಳ ಹೂಡಿಕೆ ನಿಧಿಗಳು ಈ ಗುಂಪಿಗೆ ಸೇರುತ್ತವೆ. ಭಾರತದ ಮಾರುಕಟ್ಟೆಯು ಇವುಗಳಿಗೆ 1992ರಲ್ಲಿ ತೆರೆದುಕೊಂಡಿತು. 2014ರಿಂದ ಕಾನೂನಿನಲ್ಲಿ ಇವುಗಳನ್ನು ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರು ಎಂದು ಕರೆಯಲಾಗುತ್ತಿದೆ. ಪತ್ರಿಕೆಗಳಲ್ಲಿ ಹಳೆಯ ಹೆಸರೂ ಬಳಕೆಯಲ್ಲಿದೆ.

ನೇರ ಹೂಡಿಕೆಗಿಂತ ಭಿನ್ನತೆ

ವಿದೇಶಿ ಕಂಪನಿಯೊಂದು ಭಾರತದಲ್ಲಿ ಕಾರ್ಖಾನೆ ಕಟ್ಟಿದರೆ ಅಥವಾ ಇಲ್ಲಿನ ಕಂಪನಿಯ ಆಡಳಿತದಲ್ಲಿ ಪಾಲು ಪಡೆದರೆ ಅದು ನೇರ ಹೂಡಿಕೆ. ಅಂತಹ ಹಣವನ್ನು ಅವಸರದಲ್ಲಿ ಹಿಂತೆಗೆಯಲಾಗದು. ಪೋರ್ಟ್‌ಫೋಲಿಯೊ ಹೂಡಿಕೆಯ ಉದ್ದೇಶ ಆಡಳಿತವಲ್ಲ, ಲಾಭ. ಷೇರು ಮಾರಿದೊಡನೆ ಹಣ ಹೊರಹೋಗಬಹುದು. ಪ್ರವೇಶದ ನಿಯಮಗಳು ರೂಪುಗೊಂಡಿರುವುದು ಮುಖ್ಯವಾಗಿ ಈ ಗುಣವನ್ನು ಗಮನದಲ್ಲಿಟ್ಟುಕೊಂಡೇ.

ಹಿನ್ನೆಲೆ

1991ರಲ್ಲಿ ಭಾರತವು ವಿದೇಶಿ ವಿನಿಮಯದ ತೀವ್ರ ಕೊರತೆಯನ್ನು ಎದುರಿಸಿತು. ಆ ವರ್ಷದ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟು ಸಾಲ ಪಡೆಯಬೇಕಾಯಿತು. ಸಾಲವನ್ನೇ ನೆಚ್ಚಿಕೊಳ್ಳದೆ ಹೂಡಿಕೆಯ ರೂಪದಲ್ಲಿ ಡಾಲರ್ ತರುವ ಮಾರ್ಗಗಳ ಪೈಕಿ ಷೇರು ಮಾರುಕಟ್ಟೆಯೂ ಒಂದಾಯಿತು. ಕೇಂದ್ರ ಸರ್ಕಾರವು 1992ರ ಸೆಪ್ಟೆಂಬರ್ 14ರಂದು ಮಾರ್ಗಸೂಚಿ ಹೊರಡಿಸಿತು. ಮೇಲ್ವಿಚಾರಣೆಯ ಹೊಣೆ, ಅದೇ ವರ್ಷ ಶಾಸನಬದ್ಧ ಅಧಿಕಾರ ಪಡೆದಿದ್ದ ಭಾರತೀಯ ಷೇರು ವಿನಿಮಯ ಮಂಡಳಿಗೆ, ಅಂದರೆ ಸೆಬಿಗೆ ಬಂದಿತು.

ಇದರ ಪ್ರಭಾವಕ್ಕೆ ಕರ್ನಾಟಕದ್ದೇ ಆದ ಆರಂಭಿಕ ನಿದರ್ಶನವಿದೆ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ನೀಡಿದಾಗ ಬೇಡಿಕೆ ಸಾಲದಾಯಿತು. ಆಗ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು ಶೇ. 13ರಷ್ಟು ಪಾಲನ್ನು ಕೊಂಡಿತು.

1995, 2014 ಮತ್ತು 2019ರಲ್ಲಿ ಸೆಬಿ ಹೊಸ ನಿಯಮಾವಳಿಗಳನ್ನು ಪ್ರಕಟಿಸಿತು.

ಪ್ರವೇಶದ ಹಂತಗಳು

1. ಅರ್ಹತೆ: ಅರ್ಜಿದಾರ ಸಂಸ್ಥೆಯ ದೇಶದ ನಿಯಂತ್ರಕರಿಗೂ ಸೆಬಿಗೂ ಮಾಹಿತಿ ವಿನಿಮಯದ ಒಪ್ಪಂದವಿರಬೇಕು. ಹಣದ ಅಕ್ರಮ ವರ್ಗಾವಣೆಯ ವಿಷಯದಲ್ಲಿ ಅಂತಾರಾಷ್ಟ್ರೀಯ ಕಾರ್ಯಪಡೆಯು ಗಂಭೀರ ಲೋಪ ಗುರುತಿಸಿದ ದೇಶಗಳಿಗೆ ಪ್ರವೇಶವಿಲ್ಲ. ಅನಿವಾಸಿ ಭಾರತೀಯರು ಸ್ವತಃ ಈ ದಾರಿಯಲ್ಲಿ ನೋಂದಾಯಿಸಿಕೊಳ್ಳುವಂತಿಲ್ಲ. ಅವರಿಗೆ ಬೇರೆ ವ್ಯವಸ್ಥೆ ಇದೆ.

2. ನೋಂದಣಿ: ಸೆಬಿಯ ಪರವಾಗಿ ನಿಯೋಜಿತ ಡಿಪಾಸಿಟರಿ ಪಾರ್ಟಿಸಿಪೆಂಟ್‌ಗಳು ಅರ್ಜಿಯನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತವೆ. ಕೇಂದ್ರ ಬ್ಯಾಂಕುಗಳು, ಪಿಂಚಣಿ ನಿಧಿಗಳು ಮೊದಲಾದವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಕುಟುಂಬ ಸಂಪತ್ತಿನ ಸಂಸ್ಥೆಗಳು, ನಿಯಂತ್ರಣಕ್ಕೊಳಪಡದ ನಿಧಿಗಳು ಮೊದಲಾದವು ಎರಡನೆಯ ವರ್ಗಕ್ಕೆ.

3. ಖಾತೆಗಳು: ಪ್ಯಾನ್ ಸಂಖ್ಯೆ, ಡಿಮ್ಯಾಟ್ ಖಾತೆ ಮತ್ತು ರೂಪಾಯಿಯ ವಿಶೇಷ ಅನಿವಾಸಿ ಬ್ಯಾಂಕ್ ಖಾತೆ ಅಗತ್ಯ. ಷೇರುಗಳ ಪಾಲನೆಗೆ ಕಸ್ಟೋಡಿಯನ್ ಸಂಸ್ಥೆಯನ್ನು ನೇಮಿಸಿಕೊಳ್ಳಬೇಕು.

4. ವ್ಯವಹಾರ: ನೋಂದಾಯಿತ ದಲ್ಲಾಳಿಗಳ ಮೂಲಕ ವಿನಿಮಯ ಕೇಂದ್ರದಲ್ಲಿ ಖರೀದಿ ನಡೆಯುತ್ತದೆ. ಮಾರಿದ ಹಣವನ್ನು ತೆರಿಗೆ ಕಳೆದು ಸ್ವದೇಶಕ್ಕೆ ಒಯ್ಯಬಹುದು.

ಮಿತಿಗಳು

ಒಬ್ಬ ಹೂಡಿಕೆದಾರನ ಪಾಲು ಯಾವುದೇ ಕಂಪನಿಯ ಷೇರು ಬಂಡವಾಳದ ಶೇ. 10ಕ್ಕಿಂತ ಕಡಿಮೆ ಇರಬೇಕು. ಒಂದೇ ಒಡೆತನ ಶೇ. 50ನ್ನು ಮೀರಿದ ಸಂಸ್ಥೆಗಳೆಲ್ಲವನ್ನೂ ಒಂದೇ ಎಂದು ಎಣಿಸಲಾಗುತ್ತದೆ. ಇಲ್ಲವಾದರೆ ಹಲವು ಹೆಸರುಗಳಲ್ಲಿ ಕೊಂಡು ಮಿತಿಯನ್ನು ತಪ್ಪಿಸಬಹುದಿತ್ತು. ಎಲ್ಲ ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರ ಒಟ್ಟು ಪಾಲಿಗೆ ಹಿಂದೆ ಸಾಮಾನ್ಯವಾಗಿ ಶೇ. 24ರ ಮಿತಿ ಇತ್ತು. 2020ರ ಏಪ್ರಿಲ್ 1ರಿಂದ ಆಯಾ ಉದ್ಯಮ ಕ್ಷೇತ್ರದ ವಿದೇಶಿ ಹೂಡಿಕೆಯ ಮಿತಿಯೇ ಇದಕ್ಕೂ ಅನ್ವಯವಾಗುತ್ತದೆ.

ಸರ್ಕಾರಿ ಸಾಲಪತ್ರಗಳ ಬಾಗಿಲು ಇನ್ನೂ ನಿಧಾನವಾಗಿ ತೆರೆಯಿತು. 2020ರ ಏಪ್ರಿಲ್‌ನಿಂದ ಆಯ್ದ ಸಾಲಪತ್ರಗಳನ್ನು ವಿದೇಶಿಯರು ಮಿತಿಯಿಲ್ಲದೆ ಕೊಳ್ಳಬಹುದಾಯಿತು. 2024ರ ಜೂನ್ 28ರಿಂದ ಇವು ಜೆ.ಪಿ. ಮಾರ್ಗನ್ ಸಂಸ್ಥೆಯ ಉದಯೋನ್ಮುಖ ದೇಶಗಳ ಸಾಲಪತ್ರ ಸೂಚ್ಯಂಕವನ್ನು ಸೇರತೊಡಗಿದವು.

ಪರೋಕ್ಷ ಮಾರ್ಗ

ನೋಂದಣಿ ಇಲ್ಲದೆಯೂ ಭಾರತದ ಷೇರುಗಳ ಲಾಭ ಪಡೆಯುವ ಸಾಧನವೇ ಪಾರ್ಟಿಸಿಪೇಟರಿ ನೋಟ್. ನೋಂದಾಯಿತ ಸಂಸ್ಥೆಯು ತಾನು ಷೇರು ಕೊಂಡು, ಅದರ ಏರಿಳಿತಕ್ಕೆ ಹೊಂದಿಕೊಂಡ ಪತ್ರವನ್ನು ವಿದೇಶದಲ್ಲಿ ಮಾರುತ್ತದೆ. ಹಣದ ನಿಜವಾದ ಒಡೆಯ ಯಾರೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಕಡಿವಾಣ ಹಾಕುವ ಪ್ರಸ್ತಾವವನ್ನು ಸೆಬಿ ಮುಂದಿಟ್ಟ ಮರುದಿನ, 2007ರ ಅಕ್ಟೋಬರ್ 17ರಂದು, ಸೆನ್ಸೆಕ್ಸ್ ನಿಮಿಷಗಳಲ್ಲಿ 1,700 ಅಂಶಗಳಿಗೂ ಹೆಚ್ಚು ಕುಸಿದು, ವಹಿವಾಟನ್ನು ಒಂದು ಗಂಟೆ ನಿಲ್ಲಿಸಬೇಕಾಯಿತು. ಬಳಿಕ ನಿಯಮಗಳು ಬಿಗಿಯಾದವು. ಪತ್ರ ಕೊಂಡವರ ವಿವರವನ್ನು ಸೆಬಿಗೆ ಸಲ್ಲಿಸಬೇಕು.

ಪರಿಣಾಮಗಳು

ವಿದೇಶಿ ಹಣದಿಂದ ಕಂಪನಿಗಳಿಗೆ ಬಂಡವಾಳ ಸುಲಭವಾಗಿ ದೊರೆಯುತ್ತದೆ, ಮಾರುಕಟ್ಟೆಯಲ್ಲಿ ಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ, ಲೆಕ್ಕಪತ್ರಗಳ ಪಾರದರ್ಶಕತೆಗೆ ಒತ್ತಡ ಬೀಳುತ್ತದೆ. ಆದರೆ ಹೊರಹೋಗುವ ಹಣವು ರೂಪಾಯಿಯನ್ನು ಡಾಲರಿಗೆ ಪರಿವರ್ತಿಸಿಕೊಳ್ಳುವುದರಿಂದ ರೂಪಾಯಿಯ ಬೆಲೆ ಇಳಿಯುತ್ತದೆ. ಆಮದಾಗುವ ಕಚ್ಚಾತೈಲ ದುಬಾರಿಯಾಗಿ, ಷೇರನ್ನೇ ಕೊಳ್ಳದ ಮನೆಗೂ ಅದರ ಬಿಸಿ ತಟ್ಟುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕು ತನ್ನ ಸಾಲಪತ್ರ ಖರೀದಿಯನ್ನು ತಗ್ಗಿಸುವ ಸೂಚನೆ ನೀಡಿದ 2013ರಲ್ಲಿ, ಆಗಸ್ಟ್ ಅಂತ್ಯದ ವೇಳೆಗೆ ಡಾಲರಿನ ಬೆಲೆ 68 ರೂಪಾಯಿ ದಾಟಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಭೀತಿಯಿಂದ ಸುಮಾರು 62,000 ಕೋಟಿ ರೂಪಾಯಿ ಷೇರುಪೇಟೆಯಿಂದ ಹೊರಹೋಯಿತು.

2024ರ ಅಕ್ಟೋಬರ್‌ನಲ್ಲಿ ಸುಮಾರು 94,000 ಕೋಟಿ ರೂಪಾಯಿ ಹೊರಹೋದಾಗ ಪರಿಸ್ಥಿತಿ ಭಿನ್ನವಾಗಿತ್ತು. ದೇಶೀಯ ಮ್ಯೂಚುವಲ್ ಫಂಡ್ ಹಾಗೂ ವಿಮಾ ಸಂಸ್ಥೆಗಳು ಅದೇ ತಿಂಗಳು 1 ಲಕ್ಷ ಕೋಟಿಗೂ ಹೆಚ್ಚು ಮೌಲ್ಯದ ಷೇರುಗಳನ್ನು ನಿವ್ವಳವಾಗಿ ಕೊಂಡವು. ಸೂಚ್ಯಂಕಗಳು ಇಳಿದರೂ ಕುಸಿತದ ಹೊಡೆತ ಬಹುಮಟ್ಟಿಗೆ ತಗ್ಗಿತು. ವಿದೇಶಿ ಹಣದ ಪ್ರವೇಶವನ್ನು ನಿಯಮಗಳು ಕ್ರಮಬದ್ಧಗೊಳಿಸುತ್ತವೆ; ಅದು ನಿರ್ಗಮಿಸುವಾಗ ಮಾರುಕಟ್ಟೆಗೆ ಆಸರೆಯಾಗುವುದು ಬಹುಪಾಲು ದೇಶದ ಜನರ ಉಳಿತಾಯವೇ.

ಇವನ್ನೂ ನೋಡಿ

ವಿದೇಶಿ ನೇರ ಬಂಡವಾಳ ಹೂಡಿಕೆ
ಬಾಂಬೆ ಷೇರು ವಿನಿಮಯ ಕೇಂದ್ರ
ಭಾರತೀಯ ರಿಸರ್ವ್ ಬ್ಯಾಂಕ್