ಕೀತೆಜ್: ರಷ್ಯಾದ ತಬ್ಬಲಿ ಮಕ್ಕಳಿಗೊಂದು ಊರು

ರಷ್ಯಾದ ನೀಜ್ನಿ ನೊವ್‌ಗೊರದ್ ಪ್ರಾಂತ್ಯದಲ್ಲಿ ಸ್ವೆತ್ಲೊಯಾರ್ ಎಂಬ ಸಣ್ಣ ಸರೋವರವೊಂದಿದೆ. ಹದಿಮೂರನೆಯ ಶತಮಾನದಲ್ಲಿ ಬಾತು ಖಾನನ ಮಂಗೋಲ್ ಸೈನ್ಯ ದಂಡೆತ್ತಿ ಬಂದಾಗ ಅದರ ದಡದಲ್ಲಿದ್ದ ಕೀತೆಜ್ ಎಂಬ ನಗರವು ಶತ್ರುಗಳ ಕೈಗೆ ಸಿಗದೆ ನೀರಿನೊಳಕ್ಕೆ ಇಳಿದುಹೋಯಿತೆಂದೂ, ಮನಸ್ಸು ಶುದ್ಧವಾಗಿರುವವರಿಗೆ ಇಂದಿಗೂ ಅದರ ಗಂಟೆಗಳ ನಾದ ಕೇಳಿಸುತ್ತದೆಂದೂ ಅಲ್ಲಿನ ಐತಿಹ್ಯ. ಸಂಗೀತಗಾರ ರಿಮ್ಸ್ಕಿ-ಕೊರ್ಸಕೊವ್ ಇದನ್ನೇ ವಸ್ತುವಾಗಿಸಿಕೊಂಡು ರಚಿಸಿದ ಗೀತನಾಟಕ 1907ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಂಗವೇರಿತು. ನಾಶದಿಂದ ಕಾಪಾಡಲ್ಪಟ್ಟ ಊರು ಎಂಬ ಅರ್ಥವನ್ನು ಹೊತ್ತ ಈ ಹೆಸರು 1992ರಲ್ಲಿ ಮತ್ತೊಂದು ಊರಿಗೆ ಬಂದಿತು. ಮಾಸ್ಕೋದಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಕಲುಗಾ ಪ್ರಾಂತ್ಯದ ಬಯಲಿನಲ್ಲಿ, ತಂದೆತಾಯಿಗಳ ಪಾಲನೆಯಿಂದ ವಂಚಿತರಾದ ಮಕ್ಕಳನ್ನು ಸಾಕುವ ಕುಟುಂಬಗಳೇ ಸೇರಿ ಕಟ್ಟಿಕೊಂಡ ಊರು ಅದು.

ಅದರ ಸ್ಥಾಪಕ ದ್ಮಿತ್ರಿ ಮೊರೊಜೊವ್ ಮಾಸ್ಕೋದ ರೇಡಿಯೋ ಪತ್ರಕರ್ತ. ಭಾರತದ ಇತಿಹಾಸ, ಸಂಸ್ಕೃತಿಗಳಲ್ಲಿ ಆಸಕ್ತಿ ಬೆಳೆಸಿಕೊಂಡಿದ್ದ ಆತ ಮಹಾಭಾರತದ ಕಾಲವನ್ನು ಹಿನ್ನೆಲೆಯಾಗಿಟ್ಟು ಒಂದು ಕಾದಂಬರಿಯನ್ನೂ ಬರೆದ. ಅದರ ರಷ್ಯನ್ ಹೆಸರನ್ನು ಕನ್ನಡಕ್ಕೆ ತಂದರೆ ‘ದ್ವಿಜರು’ ಎಂದಾಗುತ್ತದೆ. ಎರಡನೆಯ ಹುಟ್ಟು ಎಂಬ ಕಲ್ಪನೆ ಆತ ಕಟ್ಟಿದ ಊರಿಗೂ ಒಪ್ಪುವಂಥದು.

ಈ ಪ್ರಯೋಗದ ಮಹತ್ವ ತಿಳಿಯಬೇಕಾದರೆ ಮೊದಲು ‘ಅನಾಥ’ ಎಂಬ ಮಾತನ್ನೇ ಸ್ವಲ್ಪ ಪರಿಶೀಲಿಸಬೇಕು. ಸಂಸ್ಕೃತದಿಂದ ಬಂದ ಈ ಪದಕ್ಕೆ ನಾಥನಿಲ್ಲದವನು, ಅಂದರೆ ಕಾಯುವವರಿಲ್ಲದವನು ಎಂದರ್ಥ. ತಂದೆತಾಯಿ ಸತ್ತಿರಬೇಕೆಂಬ ನಿಬಂಧನೆ ಪದದೊಳಗೆ ಇಲ್ಲ. ಕನ್ನಡದ ‘ತಬ್ಬಲಿ’ಯಾದರೋ ತಾಯನ್ನು ಕಳೆದುಕೊಂಡ ಕರುವನ್ನು ನೆನಪಿಗೆ ತರುತ್ತದೆ. ರಷ್ಯಾದ ಮಕ್ಕಳ ಸ್ಥಿತಿಗೆ ಹೊಂದುವುದು ಸಂಸ್ಕೃತ ಪದದ ಅರ್ಥವೇ. ಅಲ್ಲಿನ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳಲ್ಲಿ ಬಹುಪಾಲಿನವರಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿರುತ್ತಾರೆ. ಕುಡಿತ, ಸೆರೆವಾಸ, ಕಡುಬಡತನ, ಕಾಯಿಲೆ ಮೊದಲಾದ ಕಾರಣಗಳಿಂದ ನ್ಯಾಯಾಲಯವು ಅವರ ಪಾಲಕತ್ವದ ಹಕ್ಕನ್ನು ರದ್ದುಪಡಿಸಿರುತ್ತದೆ, ಇಲ್ಲವೇ ಅವರೇ ಮಗುವನ್ನು ಬಿಟ್ಟುಕೊಟ್ಟಿರುತ್ತಾರೆ. ಇಂಥವರನ್ನು ಅಲ್ಲಿನ ಸಮಾಜಶಾಸ್ತ್ರಜ್ಞರು ‘ಸಾಮಾಜಿಕ ಅನಾಥ’ರೆಂದು ಕರೆಯುತ್ತಾರೆ. 2000ದ ದಶಕದಲ್ಲಿ ರಷ್ಯಾದಲ್ಲಿ ಪಾಲಕರಿಲ್ಲದ ಮಕ್ಕಳ ಸಂಖ್ಯೆ ಸುಮಾರು 7 ಲಕ್ಷವೆಂಬ ಅಂದಾಜು ವ್ಯಾಪಕವಾಗಿ ಬಳಕೆಯಲ್ಲಿತ್ತು.

ಇಷ್ಟು ಮಕ್ಕಳನ್ನು ಸಂಸ್ಥೆಗಳಲ್ಲಿ ಇಟ್ಟು ಬೆಳೆಸುವ ಪದ್ಧತಿಗೆ ದೀರ್ಘ ಚರಿತ್ರೆಯಿದೆ. ಮೊದಲ ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, 1921ರ ಭೀಕರ ಕ್ಷಾಮ ಇವೆಲ್ಲ ಒಂದರ ಮೇಲೊಂದು ಬಂದೆರಗಿದಾಗ ಸೋವಿಯತ್ ನಾಡಿನ ರೈಲು ನಿಲ್ದಾಣಗಳಲ್ಲಿಯೂ ಮಾರುಕಟ್ಟೆಗಳಲ್ಲಿಯೂ ಲಕ್ಷಗಟ್ಟಲೆ ಬೀದಿಮಕ್ಕಳು ತುಂಬಿಕೊಂಡರು. ಅಂತೊನ್ ಮಕರೆಂಕೊ 1920ರಲ್ಲಿ ಪೊಲ್ತಾವಾದ ಬಳಿ ಅಂಥ ಹುಡುಗರಿಗಾಗಿ ಒಂದು ವಸಾಹತನ್ನು ಆರಂಭಿಸಿ, ಮುಂದೆ ಅದಕ್ಕೆ ಮಕ್ಸೀಮ್ ಗಾರ್ಕಿಯ ಹೆಸರಿಟ್ಟ. ದುಡಿಮೆ, ಶಿಸ್ತು, ಸಮೂಹಜೀವನಗಳಿಂದ ಮಕ್ಕಳನ್ನು ತಿದ್ದಬಹುದೆಂಬ ಅವನ ನಂಬಿಕೆಯೇ ಮುಂದೆ ಸೋವಿಯತ್ ಶಿಕ್ಷಣಶಾಸ್ತ್ರದ ಅಡಿಗಲ್ಲಾಯಿತು. ಮಕರೆಂಕೊ ಪ್ರತಿಭಾವಂತ, ತನ್ನ ಹುಡುಗರನ್ನು ಒಬ್ಬೊಬ್ಬರನ್ನಾಗಿ ಬಲ್ಲವ. ಅವನ ಮಾದರಿಯನ್ನು ಸರ್ಕಾರಿ ಇಲಾಖೆಯೊಂದು ದೇಶದ ಉದ್ದಗಲಕ್ಕೂ ಹರಡಿದಾಗ ಸಮೂಹ ಉಳಿಯಿತು, ಬಲ್ಲವರು ಮಾತ್ರ ಉಳಿಯಲಿಲ್ಲ. ‘ಜೆತ್ಸ್ಕಿ ದೊಮ್’ ಎಂಬ ಹೆಸರಿಗೆ ‘ಮಕ್ಕಳ ಮನೆ’ ಎಂದೇ ಅರ್ಥವಾದರೂ, ಪಾಳಿಯ ಮೇಲೆ ಬಂದು ಹೋಗುವ ನೌಕರರು ನಡೆಸುವ ದೊಡ್ಡ ವಸತಿಗೃಹವೇ ಅದರ ನಿಜರೂಪವಾಯಿತು.

ಪಾಳಿಯ ಪದ್ಧತಿಯಿಂದ ಏನಾಗುತ್ತದೆ? ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳ ಸಂಶೋಧಕರು ಶಿಶುಗೃಹಗಳಲ್ಲಿ ಹಲವು ವರ್ಷ ಅಧ್ಯಯನ ನಡೆಸಿ 2008ರಲ್ಲಿ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಅವರು ಕಂಡಂತೆ, ಮಗುವೊಂದಕ್ಕೆ ಎರಡು ವರ್ಷ ತುಂಬುವುದರೊಳಗೆ ಅದನ್ನು ಎತ್ತಿ ಆಡಿಸಿ ಉಣಿಸಿದ ಕೈಗಳು ಅರವತ್ತಕ್ಕೂ ಹೆಚ್ಚು ಜನರವು. ಅನ್ನ, ಬಟ್ಟೆ, ಔಷಧಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಸಂಶೋಧಕರು ಆಹಾರವನ್ನಾಗಲಿ ಕಟ್ಟಡವನ್ನಾಗಲಿ ಬದಲಿಸದೆ, ಗುಂಪುಗಳನ್ನು ಚಿಕ್ಕದಾಗಿಸಿ, ಅದೇ ಆಯಾಗಳು ಅದೇ ಮಕ್ಕಳ ಬಳಿ ಉಳಿಯುವಂತೆ ಮಾಡಿ, ಅವರಿಗೆ ತರಬೇತಿ ಕೊಟ್ಟರು. ಮಕ್ಕಳ ಬುದ್ಧಿವಿಕಾಸ ಮಾತ್ರವಲ್ಲ, ದೇಹದ ಬೆಳವಣಿಗೆ ಕೂಡ ಗುರುತಿಸುವಷ್ಟು ಸುಧಾರಿಸಿತು.

ದಾನಿಗಳು ಎದುರಿಸಬೇಕಾದ ಮುಖ್ಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಹೊಸವರ್ಷದ ಹಬ್ಬದಲ್ಲಿ ಕಂಪನಿಗಳವರು ಬಸ್ಸು ತುಂಬ ಬಂದು, ಸಿಹಿತಿಂಡಿಯನ್ನೂ ಆಟಿಕೆಗಳನ್ನೂ ಹಂಚಿ, ಚಿತ್ರ ತೆಗೆಸಿಕೊಂಡು ಮರಳುವುದು ರಷ್ಯಾದ ಅನಾಥಾಲಯಗಳಲ್ಲಿ ವಾಡಿಕೆ. ಇದನ್ನು ಕಟುವಾಗಿ ಟೀಕಿಸಿದವರು ಅಲ್ಲಿನ ಸ್ವಯಂಸೇವಕರೇ. ‘ಅನಾಥ ಮಕ್ಕಳಿಗೆ ನೆರವಾಗುವ ಸ್ವಯಂಸೇವಕರು’ ಎಂಬ ಪ್ರತಿಷ್ಠಾನದ ಎಲೆನಾ ಅಲ್ಶಾನ್ಸ್ಕಯಾ ಇವರಲ್ಲಿ ಪ್ರಮುಖರು. ಉಡುಗೊರೆ ತಂದವರು ಸಂಜೆಗೆ ಹೋಗಿಬಿಡುತ್ತಾರೆ. ಪಾಳಿಯ ನೌಕರರಂತೆಯೇ ಅವರೂ ಬಂದುಹೋಗುವವರ ಪಟ್ಟಿಗೆ ಸೇರುತ್ತಾರೆ. ಬರಿಯ ಕೊಡುಗೆಯಿಂದ ಬೆಳೆದ ಮಗು, ವಸ್ತುವಿಗೂ ದುಡಿಮೆಗೂ ಇರುವ ಸಂಬಂಧವನ್ನೇ ಅರಿಯದೆ ಹದಿನೆಂಟಕ್ಕೆ ಹೊರಬೀಳುತ್ತದೆ. ಹಣ ಮಗುವಿನ ಕೈಗೆ ಹೋಗಬೇಕೋ, ಮಗುವಿನ ಬಳಿ ಉಳಿಯಲು ಸಿದ್ಧರಿರುವ ದೊಡ್ಡವರನ್ನು ಉಳಿಸಲು ಹೋಗಬೇಕೋ ಎಂಬುದೇ ಆ ಪ್ರಶ್ನೆ.

ಕಾನೂನು ಎರಡನೆಯ ದಾರಿಗೆ ಬಾಗಿಲು ತೆರೆದದ್ದು 1996ರಲ್ಲಿ ಜಾರಿಗೆ ಬಂದ ಕುಟುಂಬ ಸಂಹಿತೆಯಿಂದ. ಪೋಷಕ ಕುಟುಂಬವೆಂಬ ವ್ಯವಸ್ಥೆಗೆ ಅದರಲ್ಲಿ ಸ್ಪಷ್ಟ ರೂಪ ದೊರೆಯಿತು. ದತ್ತು ಬೇರೆ, ಪೋಷಕತ್ವ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದತ್ತಕದಲ್ಲಿ ಮಗು ಕಾನೂನಿನ ದೃಷ್ಟಿಯಲ್ಲಿ ಹೆತ್ತ ಮಗುವಿಗೆ ಸಮಾನ; ಕುಲನಾಮ, ಉತ್ತರಾಧಿಕಾರ ಎಲ್ಲವೂ ಬದಲಾಗುತ್ತವೆ. ಪೋಷಕ ಕುಟುಂಬವಾದರೋ ಸರ್ಕಾರದ ಪಾಲಕತ್ವ ಇಲಾಖೆಯೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. ಮಗುವಿನ ಖರ್ಚಿಗೆ ಮಾಸಿಕ ಭತ್ಯೆ ಬರುತ್ತದೆ, ಸಾಕುವವರಿಗೆ ಸಂಭಾವನೆಯೂ ಉಂಟು. ಸ್ವಂತ ಮಕ್ಕಳೂ ಸೇರಿ ಮನೆಯಲ್ಲಿ ಸಾಮಾನ್ಯವಾಗಿ ಎಂಟಕ್ಕಿಂತ ಹೆಚ್ಚು ಮಕ್ಕಳು ಇರಕೂಡದು. 2012ರ ಸೆಪ್ಟೆಂಬರ್‌ನಿಂದ ಮಗುವನ್ನು ಪಡೆಯುವ ಮುನ್ನ ತರಬೇತಿಯೂ ಕಡ್ಡಾಯವಾಯಿತು. ಅಜ್ಜ ಅಜ್ಜಿ ಮೊದಲಾದ ಬಂಧುಗಳೇ ಪಾಲಕರಾಗುವುದು ಅಲ್ಲಿ ಮೊದಲಿನಿಂದಲೂ ಹೆಚ್ಚು. ಕಯ್ಯೂರಿನ ಕಥೆಯನ್ನು ‘ಚಿರಸ್ಮರಣೆ’ಯಾಗಿಸಿದ ನಿರಂಜನರು ಗಾರ್ಕಿಯ ‘ತಾಯಿ’ಯನ್ನು ಕನ್ನಡಕ್ಕೆ ತಂದುಕೊಟ್ಟರಷ್ಟೆ. ಆ ಗಾರ್ಕಿಯೇ ಮೂರರ ಪ್ರಾಯದಲ್ಲಿ ತಂದೆಯನ್ನೂ ಹನ್ನೊಂದರಲ್ಲಿ ತಾಯಿಯನ್ನೂ ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವನು.

ಬಂಧುಗಳಿಲ್ಲದ ಮಗುವನ್ನು ಅಪರಿಚಿತರು ಮನೆಗೆ ತಂದುಕೊಂಡಾಗ ಕಷ್ಟಗಳು ಬೇರೆ ಬಗೆಯವು. ಒಮ್ಮೆ ಕೈಬಿಟ್ಟವರನ್ನು ಕಂಡ ಮಗು ಹೊಸಬರನ್ನು ಪರೀಕ್ಷಿಸುತ್ತದೆ. ಸುಳ್ಳು ಹೇಳುತ್ತದೆ, ಕದಿಯುತ್ತದೆ, ಊಟವನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತದೆ, ಮುದ್ದಿಸಲು ಬಂದವರನ್ನು ತಳ್ಳುತ್ತದೆ. ಒಬ್ಬಂಟಿ ದಂಪತಿಗಳು ಒಂದೆರಡು ವರ್ಷದಲ್ಲಿ ಸೋತು ಮಗುವನ್ನು ಅನಾಥಾಲಯಕ್ಕೆ ಮರಳಿಸಿದರೆ, ಆ ಮಗುವಿನ ಪಾಲಿಗೆ ಅದು ಎರಡನೆಯ ತಬ್ಬಲಿತನ. ಇಂಥ ‘ಮರಳಿಕೆ’ಗಳು ರಷ್ಯಾದ ಪೋಷಕ ವ್ಯವಸ್ಥೆಯ ದೊಡ್ಡ ನೋವು. ಸರ್ಕಾರದ ಭತ್ಯೆಯಿಂದ ಇದನ್ನು ತಡೆಯಲಾಗದು. ದಂಪತಿಗಳ ಪಕ್ಕದಲ್ಲಿ ಜನ ಬೇಕು.

ಕೀತೆಜ್ ಒದಗಿಸಿದ್ದು ಈ ಪಕ್ಕದ ಜನರನ್ನು. ಪ್ರಾಂತೀಯ ಸರ್ಕಾರ ಕೊಟ್ಟ ಜಮೀನಿನಲ್ಲಿ ಮರದ ಮನೆಗಳನ್ನು ಕಟ್ಟಿಕೊಂಡು, ಮನೆಗೊಂದು ಕುಟುಂಬದಂತೆ ಜನ ನೆಲೆಸಿದರು. ಪ್ರತಿ ಮನೆಯಲ್ಲಿಯೂ ಹೆತ್ತ ಮಕ್ಕಳೊಡನೆ ಸಾಕುಮಕ್ಕಳು. ಊರಿಗೆ ಸ್ವಂತ ಶಾಲೆಯುಂಟು, ಹಸು, ತೋಟಗಳುಂಟು. ದೊಡ್ಡವರಲ್ಲಿ ಬಹುತೇಕರು ಏಕಕಾಲಕ್ಕೆ ತಂದೆತಾಯಿಯೂ ಹೌದು, ಶಾಲೆಯ ಮೇಷ್ಟರೂ ಹೌದು. ಒಂದು ಮನೆಯಲ್ಲಿ ಮುನಿದ ಹುಡುಗ ಪಕ್ಕದ ಮನೆಯ ಹಿರಿಯನೊಬ್ಬನಲ್ಲಿ ಮನಸ್ಸು ಬಿಚ್ಚಬಹುದು. ದಣಿದ ತಾಯಿ ಒಂದು ದಿನ ಮಕ್ಕಳನ್ನು ನೆರೆಯವಳಿಗೆ ಒಪ್ಪಿಸಬಹುದು. ಪ್ರತಿ ಮಗುವಿನ ಸ್ಥಿತಿಗತಿಯನ್ನು ದೊಡ್ಡವರೆಲ್ಲ ಸಭೆ ಸೇರಿ ಚರ್ಚಿಸುತ್ತಿದ್ದರು. ಹೊಣೆಯರಿತ ಮಕ್ಕಳದೂ ಒಂದು ಮಂಡಳಿಯಿದ್ದು ಊರಿನ ತೀರ್ಮಾನಗಳಲ್ಲಿ ಅದರ ಮಾತಿಗೆ ಬೆಲೆಯಿತ್ತು. ಭಯವನ್ನು ಗೆಲ್ಲಲು, ಸೋಲನ್ನು ತಾಳಲು ಕಲಿಸುವ ಪಾತ್ರಾಭಿನಯದ ಆಟಗಳನ್ನು ಮೊರೊಜೊವ್ ಚಿಕಿತ್ಸೆಯ ಭಾಗವಾಗಿಯೇ ರೂಪಿಸಿದ್ದ. ಪುಣ್ಯಕೋಟಿಯು ತನ್ನ ಕರುವನ್ನು ಒಬ್ಬಳಿಗೆ ಒಪ್ಪಿಸದೆ ದೊಡ್ಡಿಯ ಅಕ್ಕತಂಗಿಯರೆಲ್ಲರಿಗೂ ಒಪ್ಪಿಸಿ ಹೊರಡುವುದನ್ನು ಬಲ್ಲ ಕನ್ನಡಿಗರಿಗೆ ಈ ಏರ್ಪಾಡಿನ ತಿರುಳು ಹೊಸದಲ್ಲ.

ಆಸ್ಟ್ರಿಯಾದಲ್ಲಿ 1949ರಲ್ಲಿ ಹರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮಗಳೂ ರಷ್ಯಾದಲ್ಲಿವೆ. ಮೊದಲನೆಯದು ಮಾಸ್ಕೋ ಬಳಿಯ ತೊಮಿಲಿನೊದಲ್ಲಿ 1996ರಲ್ಲಿ ತೆರೆಯಿತು. ಅಲ್ಲಿಯ ಮೂಲ ಮಾದರಿಯಲ್ಲಿ ಮನೆಗೊಬ್ಬ ‘ತಾಯಿ’ಯನ್ನು ಸಂಸ್ಥೆ ನೇಮಿಸುತ್ತದೆ. ಕೀತೆಜ್‌ನಲ್ಲಿ ನೇಮಕವೆಂಬುದಿಲ್ಲ, ಕುಟುಂಬವೇ ಬಂದು ಊರಿನವರಾಗುತ್ತದೆ. ಅದರ ಬಲ, ದೌರ್ಬಲ್ಯ ಎರಡೂ ಇಲ್ಲಿಯೇ. ನಗರದ ಸಂಬಳ, ಫ್ಲಾಟು, ಬಂಧುಬಳಗಗಳನ್ನು ತೊರೆದು ದೂರದ ಹಳ್ಳಿಗೆ ಬರುವವರು ಎಷ್ಟು ಜನ? ಬಂದವರಲ್ಲಿ ಕೊನೆಯವರೆಗೂ ಉಳಿಯುವವರೆಷ್ಟು? ಮಾಸ್ಕೋಗೆ ಹತ್ತಿರವಾಗಿ ಒರಿಯೋನ್ ಎಂಬ ಎರಡನೆಯ ಊರನ್ನು ಕಟ್ಟಿದರೂ, ಇದು ಲಕ್ಷಗಟ್ಟಲೆ ಮಕ್ಕಳ ಸಮಸ್ಯೆಗೆ ಪರಿಹಾರವಾಗಲಾರದು. ಒಬ್ಬ ಸ್ಥಾಪಕನ ವ್ಯಕ್ತಿತ್ವವನ್ನೇ ಹೆಚ್ಚಾಗಿ ನೆಚ್ಚಿಕೊಂಡ ಸಮುದಾಯವೆಂಬ ಆಕ್ಷೇಪವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ದಾನದ ಪಾತ್ರ ಇಲ್ಲಿ ಎಂಥದು? ಭತ್ಯೆಯಿಂದ ಮಗುವಿನ ಊಟ, ಬಟ್ಟೆ ನಡೆಯಬಹುದು; ಹೊಸ ಕುಟುಂಬಕ್ಕೆ ಮನೆ ಕಟ್ಟಲಾಗದು. ಶಾಲೆಯ ಉಪಕರಣ, ಪೋಷಕರ ತರಬೇತಿ, ಮನಶ್ಶಾಸ್ತ್ರಜ್ಞರ ನೆರವು ಇವೆಲ್ಲಕ್ಕೂ ಹೊರಗಿನ ಹಣ ಬೇಕಾಯಿತು. ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ ಸಮುದಾಯದ ಒಡನಾಟದಿಂದ 1990ರ ದಶಕದಲ್ಲಿ ಹುಟ್ಟಿದ ಇಕಾಲಜಿಯಾ ಯೂತ್ ಟ್ರಸ್ಟ್ ಬ್ರಿಟನ್ನಿನಲ್ಲಿ ಇದಕ್ಕಾಗಿ ಚಂದಾ ಎತ್ತಿತು. ಜೊತೆಗೆ, ಶಾಲೆ ಮುಗಿಸಿ ಕಾಲೇಜು ಸೇರುವ ಮುನ್ನ ಬಿಡುವಿದ್ದ ತರುಣ ತರುಣಿಯರನ್ನು ಸ್ವಯಂಸೇವಕರಾಗಿ ಕಳುಹಿಸಿತು. ಅವರು ಇಂಗ್ಲಿಷ್ ಕಲಿಸಿದರು, ಕಟ್ಟಡದ ಕೆಲಸಕ್ಕೆ ಕೈಜೋಡಿಸಿದರು, ಮಕ್ಕಳೊಡನೆ ಬೆರೆತರು. ಬಂದುಹೋಗುವವರೆಂಬ ಆಕ್ಷೇಪ ಇವರಿಗೂ ಸಲ್ಲುವುದಾದರೂ ಒಂದು ವ್ಯತ್ಯಾಸವಿತ್ತು. ಮಗುವಿನ ಮನೆಯವರು ಅಲ್ಲೇ ಇದ್ದರು. ಅತಿಥಿ ಹೋದರೆ ಹೋಗುವವನು ಅತಿಥಿ ಮಾತ್ರ.

2012ರ ಬಳಿಕ ಈ ಹಾದಿ ಕಿರಿದಾಯಿತು. ಆ ವರ್ಷ ವಿದೇಶಿ ಹಣ ಪಡೆದು ರಾಜಕೀಯ ಚಟುವಟಿಕೆ ನಡೆಸುವ ಸಂಘಸಂಸ್ಥೆಗಳನ್ನು ‘ವಿದೇಶಿ ಏಜೆಂಟ’ರೆಂದು ನೋಂದಾಯಿಸುವ ಕಾನೂನು ಬಂದಿತು. ದತ್ತಿಕಾರ್ಯವನ್ನು ರಾಜಕೀಯದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದರೂ ವಿದೇಶಿ ದೇಣಿಗೆಯ ಮೇಲೆ ಸಂಶಯದ ನೆರಳು ಬಿದ್ದಿತು. ಡಿಸೆಂಬರ್ ಕೊನೆಯಲ್ಲಿ ಅಮೆರಿಕನ್ನರು ರಷ್ಯನ್ ಮಕ್ಕಳನ್ನು ದತ್ತು ಪಡೆಯುವುದನ್ನೇ ನಿಷೇಧಿಸಲಾಯಿತು. ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ಹಾಗೆ ಹೋದ ಮಕ್ಕಳು ಸುಮಾರು 60,000. ಅಮೆರಿಕದ ಮ್ಯಾಗ್ನಿಟ್‌ಸ್ಕಿ ಕಾಯಿದೆಗೆ ಪ್ರತೀಕಾರವೆಂದು ಬಂದ ಈ ನಿಷೇಧವು ಮಕ್ಕಳನ್ನು ರಾಜತಾಂತ್ರಿಕ ಜಗಳದ ಒತ್ತೆಯಾಳುಗಳನ್ನಾಗಿಸಿತೆಂದು ರಷ್ಯಾದೊಳಗೇ ಪ್ರತಿಭಟನೆ ನಡೆಯಿತು. ಆದರೆ ಮಕ್ಕಳನ್ನು ದೇಶದೊಳಗೇ ಕುಟುಂಬಗಳಿಗೆ ಸೇರಿಸಬೇಕೆಂಬ ಒತ್ತಡವೂ ಇದರಿಂದ ಹೆಚ್ಚಿತೆಂಬುದನ್ನು ಮರೆಯಲಾಗದು. 2014ರ ಮೇ ತಿಂಗಳಲ್ಲಿ ಹೊರಟ 481ನೆಯ ಸಂಖ್ಯೆಯ ಸರ್ಕಾರಿ ಆದೇಶವು ಅನಾಥಾಲಯಗಳನ್ನು ತಾತ್ಕಾಲಿಕ ತಂಗುದಾಣಗಳೆಂದು ವಿವರಿಸಿ, ಗುಂಪಿನಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿರಕೂಡದೆಂದೂ, ಆದಷ್ಟೂ ಅದೇ ಪಾಲಕರೇ ಅವರೊಡನೆ ಇರಬೇಕೆಂದೂ ವಿಧಿಸಿತು. ಕುಟುಂಬದ ಲಕ್ಷಣಗಳನ್ನು ಸರ್ಕಾರವೇ ಇಲಾಖೆಯ ಭಾಷೆಯಲ್ಲಿ ಬರೆದಂತಾಯಿತು.

2022ರ ಉಕ್ರೇನ್ ಯುದ್ಧದ ನಂತರ ರಷ್ಯಾದ ಹಲವು ಬ್ಯಾಂಕುಗಳು ಅಂತರರಾಷ್ಟ್ರೀಯ ಸ್ವಿಫ್ಟ್ ಜಾಲದಿಂದ ಹೊರಬಿದ್ದವು. ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳೂ ಅಲ್ಲಿಂದ ಹಿಂದೆಗೆದವು. ಯುರೋಪಿನ ಯಾವುದೋ ಪಟ್ಟಣದ ಮನೆಯಿಂದ ತಿಂಗಳಿಗಿಷ್ಟೆಂದು ಬರುವಂಥ ಸಣ್ಣ ದೇಣಿಗೆಗೂ ದಾರಿ ದುರ್ಗಮವಾಯಿತು.

ಹಣ ಎಲ್ಲಿಂದಲೇ ಬರಲಿ, ಯಾವ ಲೆಕ್ಕದಲ್ಲಿಯೂ ಕಾಣಿಸದ ಒಂದು ಖರ್ಚು ಈ ಕುಟುಂಬಗಳಿಗಿದೆ. ಮಗುವಿಗೆ ಹದಿನೆಂಟು ತುಂಬಿದ ದಿನ ಪೋಷಕ ಒಪ್ಪಂದ ಮುಗಿಯುತ್ತದೆ, ಭತ್ಯೆ ನಿಲ್ಲುತ್ತದೆ. 1996ರ ಕಾನೂನಿನಂತೆ ಅನಾಥರಿಗೆ ಸರ್ಕಾರ ಮನೆ ಒದಗಿಸಬೇಕು. ಅದಕ್ಕೆ ಕಾಯುವ ಸಾಲು ದೀರ್ಘ. ಈ ನಡುವೆ ಆ ಯುವಕ ಊರು ಬಿಟ್ಟು ಓದಲು ಹೋಗುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಕಾಯಿಲೆ ಬೀಳುತ್ತಾನೆ, ರಜೆಗೆ ‘ಮನೆ’ಗೆ ಬರುತ್ತಾನೆ. ಅವನಿಗಾಗಿ ಖಾಲಿಯಿಟ್ಟ ಹಾಸಿಗೆಯನ್ನೂ ಒಲೆಯ ಮೇಲಿನ ಅವನ ಪಾಲಿನ ಊಟವನ್ನೂ ಸಾಕಿದವರು ತಮ್ಮ ಕೈಯಿಂದಲೇ ತುಂಬಿಕೊಳ್ಳುತ್ತಾರೆ.