‘ಸ್ಟ್ಯಾಂಡ್’ ಯಾವಾಗ ‘ಸ್ಟುಡ್’ ಆಗುತ್ತದೆ?

ಇಂಗ್ಲಿಷಿನ ‘ಸ್ಟ್ಯಾಂಡ್’ಗೆ ಭೂತಕಾಲದಲ್ಲಿ ‘ಸ್ಟುಡ್’. ‘ಅಂಡರ್‌ಸ್ಟ್ಯಾಂಡ್’ ಎಂದರೆ ಅರ್ಥಮಾಡಿಕೊಳ್ಳುವುದು, ಅಲ್ಲಿ ಯಾರೂ ನಿಲ್ಲುವುದಿಲ್ಲ. ಆದರೂ ಅದು ‘ಅಂಡರ್‌ಸ್ಟುಡ್’. ಜನರ ಚಪ್ಪಾಳೆಗಾಗಿ ಪ್ರದರ್ಶನ ಮಾಡುವುದಕ್ಕೆ ‘ಗ್ರ್ಯಾಂಡ್‌ಸ್ಟ್ಯಾಂಡ್’ ಎಂಬ ಕ್ರಿಯಾಪದವಿದೆ. ಅದು ಮಾತ್ರ ‘ಗ್ರ್ಯಾಂಡ್‌ಸ್ಟ್ಯಾಂಡೆಡ್’ ಆಗುತ್ತದೆ. ಕಿವಿಗೆ ಬೀಳುವ ‘ಸ್ಟ್ಯಾಂಡ್’ ಎರಡರಲ್ಲೂ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ಇರುವುದು ಪದದ ಒಳರಚನೆಯಲ್ಲಿ. ಇಂಗ್ಲಿಷ್ ಜೋಡುಪದದಲ್ಲಿ ಯಜಮಾನಿಕೆ ಸಾಮಾನ್ಯವಾಗಿ ಕೊನೆಯ ಭಾಗದ್ದು. ಭಾಷಾವಿಜ್ಞಾನಿ ಎಡ್ವಿನ್ ವಿಲಿಯಮ್ಸ್ 1981ರಲ್ಲಿ ಇದನ್ನು ನಿಯಮವಾಗಿ ಮಂಡಿಸಿದರು. ‘ಟೇಕ್’ ಕ್ರಿಯಾಪದವಾದ್ದರಿಂದ ‘ಓವರ್‌ಟೇಕ್’ ಕೂಡ ಕ್ರಿಯಾಪದ. ‘ಟೇಕ್’ಗೆ ‘ಟುಕ್’ ಇರುವುದರಿಂದ ಅದಕ್ಕೆ ‘ಓವರ್‌ಟುಕ್’. ಇನ್ನೂ ಸೊಗಸಾದ ಉದಾಹರಣೆ ‘ಅಂಡರ್‌ಗೋ’, ಅಂದರೆ ಒಳಗಾಗುವುದು. ‘ಗೋ’ ತನ್ನ ಭೂತರೂಪವನ್ನು ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದಿಂದ ಪಡೆದುಕೊಂಡಿದೆ. ‘ವೆಂಟ್’ ಬಂದದ್ದು ಅಲ್ಲಿಂದ. ಶಸ್ತ್ರಚಿಕಿತ್ಸೆಗೆ ಒಳಗಾಗುವುದಕ್ಕೂ ಹೋಗುವುದಕ್ಕೂ ಈಗ ನಂಟಿಲ್ಲ, ಆದರೂ ಆ ಎರವಲು ರೂಪ ‘ಅಂಡರ್‌ವೆಂಟ್’ನೊಳಗೆ ಹಾಗೆಯೇ ಬಂದು ಕೂತಿದೆ. ನಮ್ಮ ಕ್ರಿಯಾಸಮಾಸವೂ ಹೀಗೆಯೇ: ‘ಕೈಕೊಡು’ ಎಂದರೆ ಮೋಸಮಾಡು, ಕೊಡುವ ಅರ್ಥ ಮಾಯವಾದರೂ ರೂಪ ‘ಕೈಕೊಟ್ಟ’ ಎಂದೇ.

‘ಗ್ರ್ಯಾಂಡ್‌ಸ್ಟ್ಯಾಂಡ್’ ಮೂಲತಃ ನಾಮಪದ, ಕ್ರೀಡಾಂಗಣದ ಪ್ರೇಕ್ಷಕರ ಗ್ಯಾಲರಿ. ನಾಮಪದಕ್ಕೆ ಭೂತಕಾಲವಿಲ್ಲ. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ‘ಸ್ಟುಡ್’ ತಲುಪುವ ದಾರಿ ಮುಚ್ಚಿರುತ್ತದೆ, ಹಾಗಾಗಿ ಎಲ್ಲಕ್ಕೂ ಒದಗುವ ‘ಎಡ್’ ಬಂದು ಸೇರುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಎತ್ತರಕ್ಕೆ ಹೊಡೆದ ಚೆಂಡಿಗೆ ‘ಫ್ಲೈ’ ಎಂಬ ಹೆಸರಿದೆ. ಅದು ಕ್ಯಾಚ್ ಆದರೆ ಬ್ಯಾಟ್ಸ್‌ಮನ್ ‘ಫ್ಲೈಡ್ ಔಟ್’, ‘ಫ್ಲೂ ಔಟ್’ ಅಲ್ಲ. ಮನೋವಿಜ್ಞಾನಿ ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಥ ನಾಮಪದಮೂಲದ ಕ್ರಿಯಾಪದಗಳಿಗೆ ಜನ ‘ಎಡ್’ ರೂಪವನ್ನೇ ಮೆಚ್ಚಿದರು. ಕಾಲೇಜು ಮೆಟ್ಟಿಲು ಹತ್ತದವರ ಒಲವೂ ಅದೇ ಆಗಿತ್ತು. ಯಾರೂ ಕಲಿಸದ ವ್ಯಾಕರಣ ಸಾಮಾನ್ಯರ ಮನಸ್ಸಿನಲ್ಲಿ ಇಷ್ಟು ಸೂಕ್ಷ್ಮವಾಗಿ ಕೆಲಸಮಾಡುತ್ತಿರುತ್ತದೆ ಎಂಬುದು ನನಗೆ ಈ ಇಡೀ ಕಥೆಯ ಅತ್ಯಂತ ಬೆರಗಿನ ಸಂಗತಿ.

ಈ ಪ್ರಯೋಗಗಳ ಹಿನ್ನೆಲೆಯಲ್ಲಿ ಒಂದು ದೊಡ್ಡ ವಾದವಿತ್ತು. 1986ರಲ್ಲಿ ಮನೋವಿಜ್ಞಾನಿಗಳಾದ ರುಮೆಲ್‌ಹಾರ್ಟ್ ಮತ್ತು ಮೆಕ್ಲೆಲೆಂಡ್ ರೂಪಿಸಿದ ಕಂಪ್ಯೂಟರ್ ಜಾಲ ಯಾವ ನಿಯಮವನ್ನೂ ಹೇಳಿಸಿಕೊಳ್ಳದೆ, ಕ್ರಿಯಾಪದಗಳ ಧ್ವನಿಯ ಹೋಲಿಕೆಯಿಂದಲೇ ಭೂತರೂಪಗಳನ್ನು ಕಲಿತಿತ್ತು. ಆದರೆ ಗಂಟೆ ಬಾರಿಸುವ ‘ರಿಂಗ್’ ‘ರ‍್ಯಾಂಗ್’ ಆಗುತ್ತದೆ, ಸುತ್ತುವರಿಯುವ ‘ರಿಂಗ್’ ‘ರಿಂಗ್ಡ್’ ಆಗುತ್ತದೆ. ಧ್ವನಿ ಒಂದೇ ಆದಾಗ ಜಾಲ ಇವೆರಡನ್ನು ಬೇರ್ಪಡಿಸುವುದು ಹೇಗೆ? ಅರ್ಥವನ್ನೂ ಜೊತೆಗಿಟ್ಟರೆ ಸಾಕು, ನಿಯಮ ಬೇಡ ಎಂದು 2002ರಲ್ಲಿ ಮೈಕಲ್ ರಾಮ್‌ಸ್ಕರ್ ವಾದಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ಅರ್ಥ ಪೂರ್ತಿ ದೂರ ಸರಿದ ಮೇಲೂ ‘ಅಂಡರ್‌ಸ್ಟುಡ್’, ‘ಅಂಡರ್‌ವೆಂಟ್’ ಉಳಿದಿರುವುದನ್ನು ನೋಡಿದರೆ, ರಚನೆಯ ಪಕ್ಷವೇ ಬಲವಾಗಿದೆ ಎಂದು ನನಗನ್ನಿಸುತ್ತದೆ.

ಆದರೆ ರಚನೆಯೆಂದರೆ ಪದದ ವಂಶಾವಳಿಯಲ್ಲ. ‘ಬೇಬಿಸಿಟ್’ ಹುಟ್ಟಿದ್ದು ‘ಬೇಬಿಸಿಟರ್’ ಎಂಬ ನಾಮಪದದಿಂದ, ಆದರೂ ಜನ ‘ಬೇಬಿಸ್ಯಾಟ್’ ಎನ್ನುತ್ತಾರೆ. ಅವರ ಕಿವಿಗೆ ಅದರೊಳಗಿನ ‘ಸಿಟ್’ ಇಂದಿಗೂ ಕ್ರಿಯಾಪದವೇ. ‘ಬ್ರಾಡ್‌ಕಾಸ್ಟ್’ ಮೊದಲು ಬೀಜ ಎರಚಿ ಬಿತ್ತುವ ಮಾತಾಗಿತ್ತು. ರೇಡಿಯೊ ಬಂದಮೇಲೆ ಅದರೊಳಗಿನ, ಭೂತಕಾಲದಲ್ಲೂ ಬದಲಾಗದ ‘ಕಾಸ್ಟ್’ ಕೆಲವರಿಗೆ ಕೇಳಿಸುತ್ತದೆ, ಕೆಲವರಿಗಿಲ್ಲ. ನಿಘಂಟುಗಳು ಈಗ ‘ಬ್ರಾಡ್‌ಕಾಸ್ಟ್’, ‘ಬ್ರಾಡ್‌ಕಾಸ್ಟೆಡ್’ ಎರಡನ್ನೂ ಭೂತರೂಪವಾಗಿ ಕೊಡುತ್ತವೆ.