ನಾರ್ಮಲ್ ಆಗಲಿ, ಸಿಸೇರಿಯನ್ ಆಗಲಿ: ಬಾಣಂತಿಗೆ ಆಸರೆ ಬೇಕು

“ನಾರ್ಮಲ್ಲಾ, ಆಪರೇಷನ್ನಾ?” ಮಗು ನೋಡಲು ಬಂದವರು ಮೊದಲು ಕೇಳುವುದೇ ಇದನ್ನು. ಆಪರೇಷನ್ ಎಂದರೆ “ಅಯ್ಯೋ ಪಾಪ”, ನಾರ್ಮಲ್ ಎಂದರೆ “ಹಾಗಾದ್ರೆ ಏನೂ ತೊಂದರೆ ಇಲ್ಲ” ಎನ್ನುತ್ತಾರೆ. ಎರಡೂ ಸರಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಶೇ. 38.9, ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ಸಿಸೇರಿಯನ್ ಆದವರಿಗೆ ಮೊದಲ ವಾರಗಳು ಕಷ್ಟ. ಹೊಟ್ಟೆಯ ಗಾಯದಿಂದಾಗಿ ಏಳಲು, ಕೆಮ್ಮಲು, ಕುಳಿತು ಹಾಲುಣಿಸಲು ನೋವು. ಸುಮಾರು ಆರು ವಾರ ಭಾರ ಎತ್ತಬಾರದು. ಮುಂದಿನ ಗರ್ಭದಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೆ ಅಂಟಿಕೊಳ್ಳುವ ಅಪಾಯವೂ ಹೆಚ್ಚು.

ನಾರ್ಮಲ್ ಹೆರಿಗೆಯಾದವರು ಸಾಮಾನ್ಯವಾಗಿ ಬೇಗ ಎದ್ದು ಓಡಾಡುತ್ತಾರೆ. ಆದರೆ ಕೆಳಗಿನ ಹೊಲಿಗೆಯ ನೋವು, ಕೆಮ್ಮಿದಾಗ ಮೂತ್ರ ಸೋರುವುದು ಅವರಲ್ಲಿ ಹಲವರನ್ನು ಕಾಡುತ್ತದೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಇದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ.

ಮನಸ್ಸಿನ ನೋವು ಇಬ್ಬರಿಗೂ ಬರಬಹುದು. ಎರಡು ವಾರ ಕಳೆದರೂ ಅಳು, ಮಗು ಮಲಗಿದರೂ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಪ್ರಸವಾನಂತರದ ಖಿನ್ನತೆಯ ಲಕ್ಷಣವಿರಬಹುದು. ಅದು ಸೋಗಲ್ಲ, ಗುಣವಾಗುವ ಕಾಯಿಲೆ. ವೈದ್ಯರಿಗೆ ತೋರಿಸಿ.

ಜ್ವರ, ವಿಪರೀತ ರಕ್ತಸ್ರಾವ, ಗಾಯದಲ್ಲಿ ಕೀವು ಕಂಡರೆ ನಲ್ವತ್ತು ದಿನ ಮುಗಿಯಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಬಾಣಂತನ ಹೆಂಗಸರ ಕೆಲಸ ಎಂದು ಗಂಡ ದೂರ ನಿಲ್ಲಬಾರದು. ರಾತ್ರಿ ಮಗುವನ್ನು ಎತ್ತಿಕೊಡುವುದು, ನೀರು ತುಂಬಿಡುವುದು, “ನಿನಗೆ ಹೇಗಿದೆ?” ಎಂದು ಕೇಳುವುದು ಅವನಿಂದ ಆಗುವ ಕೆಲಸವೇ.